ಖೋ ಕೊಟ್ಟಿದ್ದು ಯಾರು?

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದೆ. ಅಕ್ಕನ ಮಗಳು ಖೋ ಖೋ ತಂಡದಲ್ಲಿದ್ದಳು. ಉದ್ಘಾಟನೆ ಒಂಬತ್ತಕ್ಕೆ ಅಂತ ಆಹ್ವಾನ ಪತ್ರಿಕೆಯಲ್ಲಿತ್ತು. ಆ ಪತ್ರಿಕೆಯನ್ನು ನೀವು ನೋಡಬೇಕಿತ್ತು. ನಾಲ್ಕು ಪುಟ. ಮೂರೂಮುಕ್ಕಾಲು ಪುಟದ ತುಂಬ ಗಣ್ಯರ ಹೆಸರು. ಆಟಗಳ ಹೆಸರು ಕೊನೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರಿನ ಮೇಲೆ ಒತ್ತೊತ್ತಾಗಿ ಕೂತಿದ್ದವು.

ಮಕ್ಕಳು ಎಂಟೂವರೆಗೇ ಪಥಸಂಚಲನಕ್ಕೆ ಸಾಲಾಗಿ ನಿಂತಿದ್ದರು. ಹತ್ತಾಯಿತು. ಹನ್ನೊಂದಾಯಿತು. ‘ಸಾಹೇಬರು ಹೊರಟಿದ್ದಾರೆ’ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಎಲ್ಲಿಂದ ಅಂತ ಮಾತ್ರ ಹೇಳಲಿಲ್ಲ. ಒಬ್ಬ ಹುಡುಗ ತಲೆ ಸುತ್ತಿ ಕುಸಿದು ಕೂತ. ‘ಎದ್ದು ನಿಲ್ಲೋ, ಶಿಸ್ತು ಬೇಡ್ವಾ?’ ಅಂತ ಶಾಮಿಯಾನದ ನೆರಳಲ್ಲಿ ಕೂತಿದ್ದ ಮೇಷ್ಟ್ರೊಬ್ಬರು ಗದರಿದರು. ಅವನು ಎದ್ದ. ಆಟದಿಂದ ಶಿಸ್ತು ಬರುತ್ತದೆ ಅಂತಾರಲ್ಲ, ಇಲ್ಲಿ ಆಟ ಶುರುವಾಗುವ ಮೊದಲೇ ಬಂದುಬಿಟ್ಟಿತ್ತು.

ಹನ್ನೊಂದೂಮುಕ್ಕಾಲಿಗೆ ಆರು ಕಾರು ಬಂದವು. ಗೇಟಿನ ಹತ್ತಿರ ನಿಲ್ಲಿಸಿದರೆ ನಡೀಬೇಕಾಗುತ್ತೆ, ಅಲ್ವಾ? ಹಾಗಾಗಿ ಸೀದಾ ಮೈದಾನಕ್ಕೇ ನುಗ್ಗಿ, ಖೋ ಖೋ ಅಂಕಣದ ಮೇಲೇ ಹಾದು, ವೇದಿಕೆಯ ಬುಡದಲ್ಲಿ ನಿಂತವು. ಪಿ.ಟಿ. ಮೇಷ್ಟ್ರು ಬೆಳಗಿನ ಜಾವವೇ ಬಂದು, ದಾರ ಹಿಡಿದು, ಸುಣ್ಣದ ಪುಡಿ ಸುರಿದು ಹಾಕಿದ್ದ ಗೆರೆಗಳಲ್ಲಿ ಅರ್ಧ ಟೈರಿಗೆ ಅಂಟಿಕೊಂಡು ಹೋದವು. ಮೇಷ್ಟ್ರ ಮುಖ ನೋಡಿದೆ. ಚಪ್ಪಾಳೆ ತಟ್ಟುತ್ತಿದ್ದರು. ಗೌರವ ಕಲಿಯುವುದಾದರೆ ಅವರಿಂದ ಕಲಿಯಬೇಕು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಆಟ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಖೋ ಖೋ ಅಂಕಣಕ್ಕೆ ಇಳಿಯುವುದು ಒಂಬತ್ತು ಜನ. ವೇದಿಕೆ ಮೇಲೆ 23 ಜನ. ಮಾತಾಡಲು ಬಂದವರೆಲ್ಲ ಮೊದಲು ಉಳಿದ 22 ಹೆಸರು ಹೇಳಬೇಕು. ಒಬ್ಬರ ಹೆಸರು ಬಿಟ್ಟುಹೋಯಿತು. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ಇಬ್ಬರು ಕೈ ಹಿಡಿದು ಕೂರಿಸಿದರು, ನಿರೂಪಕರು ಎರಡು ಸಲ ಕ್ಷಮೆ ಕೇಳಿದರು. ‘ಮಕ್ಕಳೇ, ಸೋಲು ಗೆಲುವನ್ನು ಸಮನಾಗಿ ತಗೊಳ್ಳಬೇಕು’ ಅಂತ ಆಮೇಲೆ ಬುದ್ಧಿ ಹೇಳಿದವರೂ ಅವರೇ.

ಕೊನೆಗೆ ಸಾಹೇಬರು. ‘ಆಟ ನಮಗೆ ಒಗ್ಗಟ್ಟು ಕಲಿಸುತ್ತದೆ. ಪ್ರಾಣ ಹೋದರೂ ತಂಡ ಬಿಡಬಾರದು’ ಅಂದರು. ಸದ್ಯಕ್ಕೆ ಅವರಿರುವುದು ಮೂರನೇ ಪಕ್ಷದಲ್ಲಿ. ನನ್ನ ಪಕ್ಕದಲ್ಲಿದ್ದ ಅಜ್ಜ ‘ಅನುಭವದ ಮಾತು’ ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಖೋ ಖೋ ನಿಯಮ ಗೊತ್ತಲ್ಲ? ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂರಬೇಕು. ಬೆನ್ನ ಹಿಂದಿನಿಂದ ‘ಖೋ’ ಸಿಗುವವರೆಗೆ ಏಳುವಂತಿಲ್ಲ. ಎದ್ದು ಒಂದು ದಿಕ್ಕು ಹಿಡಿದ ಮೇಲೆ ನಡುದಾರಿಯಲ್ಲಿ ತಿರುಗುವಂತಿಲ್ಲ, ತಿರುಗಿದರೆ ಫೌಲ್. ನಮ್ಮ ರಾಜ್ಯದಲ್ಲಿ ಈ ಆಟವನ್ನು ದೊಡ್ಡವರೂ ಆಡಿದ್ದಾರೆ. 2019ರ ಜುಲೈನಲ್ಲಿ, ರಾಜೀನಾಮೆ ಕೊಟ್ಟ ನಮ್ಮ ಶಾಸಕರು, ಮುಂಬೈ ಹೋಟೆಲ್ಲಿನಲ್ಲಿ. ಒಟ್ಟಿಗೆ ಕೂತಿದ್ದರು, ಒಟ್ಟಿಗೆ ಎದ್ದರು, ಒಟ್ಟಿಗೆ ತಿರುಗಿದರು. ಸರ್ಕಾರ ಔಟ್. ಸ್ಪೀಕರ್ 17 ಜನರಿಗೆ ಫೌಲ್ ಕೊಟ್ಟು ಅನರ್ಹ ಮಾಡಿದರು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರಲ್ಲಿ ಬಹಳಷ್ಟು ಜನ ಬೇರೆ ಜೆರ್ಸಿ ಹಾಕಿಕೊಂಡು ಬಂದು ಗೆದ್ದೂಬಿಟ್ಟರು. ಅವತ್ತು ಬೆನ್ನ ಹಿಂದೆ ಖೋ ಕೊಟ್ಟಿದ್ದು ಯಾರು ಅಂತ ಕೇಳಿದರೆ ಇವತ್ತಿಗೂ ಎಲ್ಲರೂ ಆ ಕಡೆ ಒಬ್ಬರು ಈ ಕಡೆ ಒಬ್ಬರು ಮುಖ ತಿರುಗಿಸುತ್ತಾರೆ. ಒಗ್ಗಟ್ಟು ಅಂದರೆ ಅದು.

ಸಾಹೇಬರು ಚೈತ್ರಾ ಮತ್ತು ಗೌತಮ್ ಹೆಸರನ್ನೂ ಹೇಳಿ ‘ನಾಡಿನ ಹೆಮ್ಮೆ’ ಅಂದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಎರಡೂ ತಂಡ ಗೆದ್ದವು. ಆ ತಂಡಗಳಲ್ಲಿದ್ದ ಕರ್ನಾಟಕದವರು ಇವರು. ಈ ಹೆಮ್ಮೆಗೆ ನಮ್ಮ ಸರ್ಕಾರ ಕಟ್ಟಿದ ಬೆಲೆ ತಲಾ 5 ಲಕ್ಷ. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಘೋಷಿಸಿತ್ತು, ಜೊತೆಗೆ ಸರ್ಕಾರಿ ಕೆಲಸ. ಇವರಿಬ್ಬರೂ ‘ನಿಮ್ಮ 5 ಲಕ್ಷ ಬೇಡ’ ಅಂದರು. ಆ ಭಾಗ ಭಾಷಣದಲ್ಲಿ ಬರಲಿಲ್ಲ. ಸಮಯದ ಅಭಾವ ಇರಬೇಕು.

ಭಾಷಣ ಮುಗಿದಾಗ ಒಂದೂವರೆ. ಕಾರುಗಳು ಬಂದ ದಾರಿಯಲ್ಲೇ ವಾಪಸ್ ಹೋಗಿ ಉಳಿದರ್ಧ ಗೆರೆಯನ್ನೂ ಒರೆಸಿದವು. ಮೇಷ್ಟ್ರು ಮತ್ತೆ ಸುಣ್ಣದ ಬಕೆಟ್ ಹಿಡಿದರು. ಅಕ್ಕನ ಮಗಳು ಮತ್ತು ಎದುರು ತಂಡದ ಹುಡುಗಿಯೊಬ್ಬಳು, ಯಾರೂ ಹೇಳದೆಯೇ, ದಾರದ ಎರಡು ತುದಿ ಹಿಡಿದು ನಿಂತರು. ಸಂಜೆಯೊಳಗೆ ಎಲ್ಲ ಮುಗಿಸಬೇಕು ಅಂತ ಆಟವನ್ನು ಒಂದೊಂದು ಸರದಿಗೆ ಮೂರು ನಿಮಿಷಕ್ಕೆ ಇಳಿಸಿದ್ದರು. ಸಾಹೇಬರ ಭಾಷಣ ಒಂದರಲ್ಲೇ ಅಂಥ ಹನ್ನೆರಡು ಸರದಿ ಆಡಬಹುದಿತ್ತು.

ನಮ್ಮವರು ಸೋತರು. ಸಂಜೆ ಪ್ರಮಾಣಪತ್ರ ಕೊಟ್ಟರು. ಮೇಲೆ ಸಾಹೇಬರ ಬಣ್ಣದ ಫೋಟೋ, ಅದರ ಕೆಳಗೆ ‘ಶಿಸ್ತು, ಗೌರವ, ಒಗ್ಗಟ್ಟು’. ಅದರ ಕೆಳಗೆ ‘ಕುಮಾರ/ಕುಮಾರಿ’ ಅಂತ ಬರೆದು ಒಂದು ಖಾಲಿ ಗೆರೆ.

‘ಹೆಸರು ನೀವೇ ಬರ್ಕೊಳ್ಳಿ’ ಅಂದರು ಮೇಷ್ಟ್ರು. ‘ನನ್ನ ಕೈಯೆಲ್ಲ ಸುಣ್ಣ.’