ಹುದ್ದೆ ಖಾಲಿ ಇದೆ, ಅಭ್ಯರ್ಥಿ ಇದ್ದಾರೆ, ಸೆಮಿನಾರ್ ಯಾವಾಗ?

ನಮ್ಮ ರಾಜ್ಯದಲ್ಲಿ ಯಾವ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ಹೋದರೂ ನೋಟಿಸ್ ಬೋರ್ಡಿನಲ್ಲಿ ಮೂರು ಹಾಳೆ ಗ್ಯಾರಂಟಿ. ಒಂದು, ಬರುವ ತಿಂಗಳ ಅಂತಾರಾಷ್ಟ್ರೀಯ ವಿಚಾರ ಸಂಕಿರಣದ ಬಣ್ಣದ ಬ್ರೋಷರ್. ಇನ್ನೊಂದು, ಕಳೆದ ತಿಂಗಳ ಸಂಕಿರಣದ ಪೇಪರ್ ಕಟಿಂಗ್: ‘ಯುವಕರು ಉದ್ಯೋಗ ಹುಡುಕುವ ಬದಲು ಉದ್ಯೋಗದಾತರಾಗಬೇಕು: ಕುಲಪತಿ ಕರೆ’. ಮತ್ತೊಂದು ಕಪ್ಪು-ಬಿಳುಪು ಜೆರಾಕ್ಸ್. ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ, ಸಂಪೂರ್ಣ ತಾತ್ಕಾಲಿಕ, ಕಾಯಂ ಮಾಡಿ ಅಂತ ಮುಂದೆ ಕೇಳುವಂತಿಲ್ಲ, ಕಾರಣ ಕೊಡದೆ ಯಾವಾಗ ಬೇಕಾದರೂ ಬಿಡಿಸಬಹುದು. ಬ್ರೋಷರಿಗೆ ನಾಲ್ಕು ಮೂಲೆಗೂ ಪಿನ್. ಜೆರಾಕ್ಸಿಗೆ ಒಂದೇ ಪಿನ್, ಫ್ಯಾನ್ ಹಾಕಿದರೆ ಗಿರಗಿರ ತಿರುಗುತ್ತದೆ.

ಸಂಕಿರಣ ಯಾಕೆ ಯಾವಾಗಲೂ ಅಂತಾರಾಷ್ಟ್ರೀಯವೇ ಆಗಿರುತ್ತದೆ ಅಂತ ಕೆಲವರಿಗೆ ಅನುಮಾನ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯ ಹಿಂದಿನ ಪುಟಗಳಲ್ಲಿ ಅಧ್ಯಾಪಕರ ಬಡ್ತಿ, ಆಯ್ಕೆಗೆ ಅಂಕ ಹಾಕುವ ಒಂದು ಕೋಷ್ಟಕವಿದೆ. ರಾಜ್ಯಮಟ್ಟದ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರೆ 2 ಅಂಕ. ರಾಷ್ಟ್ರಮಟ್ಟಕ್ಕೆ 3. ನಮ್ಮ ದೇಶದಲ್ಲೇ ನಡೆದ ಅಂತಾರಾಷ್ಟ್ರೀಯಕ್ಕೆ 5. ವಿಮಾನ ಹತ್ತಿ ಹೋಗಿ ಬಂದರೆ 7. ಲಾಭ ಎತ್ತ ಇದೆಯೋ ಜನ ಅತ್ತ ವಾಲುತ್ತಾರೆ ಅನ್ನೋದು ಅರ್ಥಶಾಸ್ತ್ರದ ಮೊದಲ ಪಾಠ. ಅದನ್ನು ಪಾಠ ಮಾಡುವವರೇ ಪಾಲಿಸದಿದ್ದರೆ ಹೇಗೆ? ಹಾಗಾಗಿ ತಾಲ್ಲೂಕಿನ ಸಹಕಾರ ಸಂಘಗಳ ಬಗ್ಗೆ ಸಂಕಿರಣ ಮಾಡಿದರೂ ಅದು ಅಂತಾರಾಷ್ಟ್ರೀಯ. ಹೊರದೇಶದಿಂದ ಒಬ್ಬರು ಜೂಮ್‌ನಲ್ಲಿ ಬಂದು ‘ಆಮ್ ಐ ಆಡಿಬಲ್?’ ಅಂದರೆ ಸಾಕು. ಆಡಿಬಲ್ ಆಗದಿದ್ದರೂ ಅಂಕಕ್ಕೇನೂ ತೊಂದರೆಯಿಲ್ಲ.

ಉದ್ಘಾಟನೆ ಹತ್ತು ಗಂಟೆಗೆ ಅಂತಿರುತ್ತದೆ, ಹನ್ನೊಂದೂವರೆಗೆ ಶುರುವಾಗುತ್ತದೆ. ಈಗೆಲ್ಲ ಗಿಡಕ್ಕೆ ನೀರೆರೆದು ಉದ್ಘಾಟಿಸುವುದು ಫ್ಯಾಷನ್. ಒಂದೇ ಗಿಡ, ಹತ್ತು ಜನ ಗಣ್ಯರು, ಹತ್ತು ಚೊಂಬು ನೀರು. ಗೊಬ್ಬರ ಹೆಚ್ಚಿಸುತ್ತ ಹೋದಂತೆ ಅದರಿಂದ ಸಿಗುವ ಹೆಚ್ಚುವರಿ ಇಳುವರಿ ಹೇಗೆ ಕುಸಿಯುತ್ತದೆ ಅನ್ನುವ ಇಳಿಮುಖ ಸೀಮಾಂತ ಉತ್ಪನ್ನದ ನಿಯಮ ವೇದಿಕೆಯ ಮೇಲೇ ಸಾಬೀತಾಗುತ್ತದೆ. ಆಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಆಶಯ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಪ್ರಬಂಧ ಮಂಡನೆಗೆ ಅಂತ ಉಳಿಯುವುದು ಮಧ್ಯಾಹ್ನದ ನಿದ್ದೆಯ ಸಮಯ. ‘ಸಮಯದ ಅಭಾವವಿರುವುದರಿಂದ ತಲಾ ಮೂರು ನಿಮಿಷ’ ಅಂತ ಅಧ್ಯಕ್ಷರು ಹೇಳುತ್ತಾರೆ. ಮೂರು ನಿಮಿಷದಲ್ಲಿ ಒಂದೂವರೆ ನಿಮಿಷ ಪೆನ್‌ಡ್ರೈವ್ ತೆರೆಯುವುದಕ್ಕೆ ಹೋಗುತ್ತದೆ.

ವಿಷಯವೂ ಹೆಚ್ಚುಕಡಿಮೆ ನಿಗದಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆ ಬಗ್ಗೆ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಲೆಕ್ಕ ಹಾಕಿ ತೋರಿಸಿತು. ಒಳ್ಳೆಯ ಕೆಲಸ, ಬೆವರು ಸುರಿಸಿ ಮಾಡಿದ್ದು. ಆ ತಾಲ್ಲೂಕುಗಳು ಎಷ್ಟು ಮುಂದೆ ಬಂದವೋ, ಪಟ್ಟಿಯಂತೂ ಪ್ರತಿ ಪಿಪಿಟಿಯಲ್ಲೂ ಎರಡನೇ ಸ್ಲೈಡಿಗೆ ಬಂದಿದೆ.

ಸಭಿಕರು ಯಾರು ಅಂತ ನೋಡಿ. ಮುಂದಿನ ಎರಡು ಸಾಲು ಗಣ್ಯರದ್ದು, ಅವರು ಫೋಟೊ ಆದ ಮೇಲೆ ಇರುವುದಿಲ್ಲ. ಹಿಂದಿನ ಸಾಲುಗಳಲ್ಲಿ ಹಾಜರಿ ಭಯಕ್ಕೆ ಬಂದ ಎಂ.ಎ. ಹುಡುಗರು. ನಡುವಿನ ಸಾಲುಗಳಲ್ಲಿ ಅತಿಥಿ ಉಪನ್ಯಾಸಕರು. ಅವರು ಬಂದಿರುವುದು ಸರ್ಟಿಫಿಕೇಟಿಗೆ. ಮೈಕೆಲ್ ಸ್ಪೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 1973ರಲ್ಲೇ ಇದನ್ನು ಬರೆದಿದ್ದಾರೆ: ಅಭ್ಯರ್ಥಿ ಎಂಥವನು ಅಂತ ಕೆಲಸ ಕೊಡುವವನಿಗೆ ಗೊತ್ತಿರುವುದಿಲ್ಲ, ಹಾಗಾಗಿ ಪದವಿ, ಪ್ರಮಾಣಪತ್ರಗಳು ಒಂದು ಸುಳಿವು ಕೊಡುತ್ತವೆ. ಷರತ್ತು ಒಂದೇ, ಅದು ಎಲ್ಲರಿಗೂ ಸುಲಭವಾಗಿ ಸಿಗಬಾರದು. 2020ರ ಲಾಕ್‌ಡೌನ್‌ನಲ್ಲಿ ಏನಾಯಿತು ನೆನಪಿದೆಯಲ್ವಾ? ಐದು ಪ್ರಶ್ನೆಯ ಗೂಗಲ್ ಫಾರ್ಮ್ ತುಂಬಿದವರಿಗೆಲ್ಲ ಇ-ಸರ್ಟಿಫಿಕೇಟ್. ಆ ವರ್ಷ ಹಣದುಬ್ಬರಕ್ಕಿಂತ ಜಾಸ್ತಿ ಏರಿದ್ದು ಸರ್ಟಿಫಿಕೇಟ್ ಉಬ್ಬರ. ಈಗ ಇಂಟರ್‌ವ್ಯೂಗೆ ಹೋದರೆ ಫೈಲಿನ ದಪ್ಪ ನೋಡಿ ‘ಇಷ್ಟೇನಾ?’ ಅನ್ನುತ್ತಾರೆ.

ಇನ್ನು ಆ ಜೆರಾಕ್ಸ್ ಹಾಳೆಯ ವಿಷಯ. 2010ರ ಅರ್ಥಶಾಸ್ತ್ರದ ನೊಬೆಲ್ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್, ಕ್ರಿಸ್ಟೋಫರ್ ಪಿಸ್ಸರಿಡೆಸ್ ಮೂವರಿಗೆ ಹಂಚಿಹೋಯಿತು. ಖಾಲಿ ಹುದ್ದೆಗಳೂ ನಿರುದ್ಯೋಗಿಗಳೂ ಏಕಕಾಲಕ್ಕೆ ಹೇಗೆ ಇರುತ್ತಾರೆ ಅನ್ನುವುದು ಅವರ ತಲೆ ಕೊರೆದ ಪ್ರಶ್ನೆ. ಹುದ್ದೆ ಎಲ್ಲೋ ಇರುತ್ತದೆ, ಮನುಷ್ಯ ಇನ್ನೆಲ್ಲೋ ಇರುತ್ತಾನೆ, ಒಬ್ಬರಿಗೊಬ್ಬರು ಸಿಗಬೇಕಾದರೆ ಸಮಯ, ಖರ್ಚು, ಮಾಹಿತಿ ಎಲ್ಲ ಬೇಕು ಅಂತ ಗಣಿತ ಹಾಕಿ ತೋರಿಸಿದರು. ಪಾಪ, ಮೂವರೂ ನಮ್ಮ ವಿಭಾಗ ನೋಡಿರಲಿಲ್ಲ. ಇಲ್ಲಿ ಖಾಲಿ ಹುದ್ದೆ ಅಂದರೆ ಎರಡನೇ ಮಹಡಿಯ ಒಂದು ಬಾಗಿಲು. ನಿವೃತ್ತರಾದ ಪ್ರೊಫೆಸರರ ನಾಮಫಲಕ ಕಿತ್ತ ಜಾಗದಲ್ಲಿ ನಾಲ್ಕು ಮೊಳೆ ತೂತು. ಅಭ್ಯರ್ಥಿ ಅದೇ ಬಾಗಿಲಿನ ಎದುರು ಸ್ಟೀಲ್ ಬೆಂಚಿನ ಮೇಲೆ ಕೂತು ಇಂಟರ್ನಲ್ ಪೇಪರ್ ತಿದ್ದುತ್ತಿದ್ದಾರೆ. ಪಿಎಚ್.ಡಿ. ಇದೆ, ಉಪನ್ಯಾಸಕರಾಗಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಪಾಸಾಗಿದೆ. ಆ ಪ್ರೊಫೆಸರರ ಪತ್ರಿಕೆಯನ್ನೇ ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಇಬ್ಬರ ನಡುವೆ ಆರು ಅಡಿ ದೂರ. ಆದರೂ ಒಬ್ಬರಿಗೊಬ್ಬರು ಸಿಗುತ್ತಿಲ್ಲ.

ತಮಾಷೆ ಅಂದರೆ, ಮೂರನೇ ಸೆಮಿಸ್ಟರಿಗೆ ಈ ಸಿದ್ಧಾಂತ ಪಾಠ ಮಾಡುವವರೂ ಅವರೇ. ‘ಉದಾಹರಣೆ ಕೊಡಿ ಸರ್’ ಅಂತ ಹುಡುಗರು ಕೇಳಿದರೆ ಅಮೆರಿಕದ್ದು ಕೊಡುತ್ತಾರೆ.

ಬಾಗಿಲಿನ ಬೀಗ ತೆಗೆಯುವುದಕ್ಕೆ ಅಡ್ಡ ಬಂದಿರುವುದು ಆರು ಅಡಿಯಲ್ಲ, ಒಂದು ಫೈಲು. ಅದು ವಿಭಾಗದಿಂದ ಕುಲಸಚಿವರಿಗೆ, ಅಲ್ಲಿಂದ ಸಿಂಡಿಕೇಟಿಗೆ, ಉನ್ನತ ಶಿಕ್ಷಣ ಇಲಾಖೆಗೆ, ಕೊನೆಗೆ ಆರ್ಥಿಕ ಇಲಾಖೆಗೆ ಹೋಗುತ್ತದೆ. ‘ಆರ್ಥಿಕ ಹೊರೆ’ ಅನ್ನುವ ಎರಡು ಪದ ಬರೆಸಿಕೊಂಡು ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ನೇಮಕಾತಿಯೇ ಬೇಡ ಅಂತ ಸರ್ಕಾರ ಹೇಳಿತು. ಅದು ನ್ಯಾಯವಾದ ಕಾರಣ, ಒಪ್ಪೋಣ. ಅದಕ್ಕೂ ಮುಂಚಿನ ವರ್ಷಗಳಿಗೆ ಯಾವ ಕಾರಣ ಇತ್ತು ಅಂತ ಕೇಳಿದರೆ ಫೈಲು ಪರಿಶೀಲನೆಯಲ್ಲಿದೆ.

ಹೊರೆಯ ಲೆಕ್ಕ ಹೀಗಿದೆ. ಕೇಂದ್ರದ ಏಳನೇ ವೇತನ ಆಯೋಗದ ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ 57,700 ರೂಪಾಯಿ, ಭತ್ಯೆ ಬೇರೆ. ಅತಿಥಿಗಳಿಗೆ ಒಂದು ಪಾಠಕ್ಕೆ 1,500, ತಿಂಗಳಿಗೆ 50,000 ಮೀರದಂತೆ ಕೊಡಿ ಅಂತ ಯುಜಿಸಿ 2019ರಲ್ಲಿ ಹೇಳಿತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರಲ್ಲಿ ಸಂಬಳ ಏರಿಸಿದ ಮೇಲೂ ಅತಿ ಹೆಚ್ಚು ಅಂದರೆ 32,000. 2023ರ ಕೊನೆಗೆ ತರಗತಿ ಬಿಟ್ಟು ಬೀದಿಗಿಳಿದ ಮೇಲೆ ಇನ್ನೊಂದಿಷ್ಟು ಸಾವಿರ ಸೇರಿತು. ಒಂದೇ ಪಾಠ, ಒಂದೇ ಬೋರ್ಡು, ಒಂದೇ ಚಾಕ್‌ಪೀಸು. ಒಂದೇ ಸರಕಿಗೆ ಒಂದೇ ಬೆಲೆ ಅನ್ನುವ ನಿಯಮ ಪಠ್ಯಪುಸ್ತಕದಲ್ಲಿ ಸುಮ್ನೆ ಕೂತಿದೆ, ವಿಭಾಗದೊಳಗೆ ಅದಕ್ಕೆ ಪ್ರವೇಶವಿಲ್ಲ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಭೆ ಸಮಾರಂಭಗಳಲ್ಲಿ ‘ಗುರುಬ್ರಹ್ಮ ಗುರುವಿಷ್ಣು’ ಹಾಡಿದರೆ ಸಾಲದು, ಶಿಕ್ಷಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಅನ್ನುವ ಅರ್ಥದ ಮಾತನ್ನೂ ಹೇಳಿತು. ನಮ್ಮ ಕಲ್ಪನೆಯ ವಿಭಾಗ ಇಂಥ ತೀರ್ಪನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ತುರ್ತು ಸಭೆ ಕರೆದು, ಬಿಸ್ಕತ್ತು ತರಿಸಿ, ‘ಅತಿಥಿ ಉಪನ್ಯಾಸಕರ ಬದುಕು ಮತ್ತು ಬವಣೆ: ಆರ್ಥಿಕ ಆಯಾಮಗಳು’ ಅಂತ ಎರಡು ದಿನದ ಅಂತಾರಾಷ್ಟ್ರೀಯ ಸಂಕಿರಣ ಘೋಷಿಸುತ್ತದೆ. ಪ್ರಾರ್ಥನೆ ಗುರುಬ್ರಹ್ಮದ್ದೇ. ಸ್ವಾಗತ, ನಿರೂಪಣೆ, ನೋಂದಣಿ ಕೌಂಟರ್, ಊಟದ ಕೂಪನ್ ಹಂಚಿಕೆ ಅತಿಥಿ ಉಪನ್ಯಾಸಕರ ಹೊಣೆ. ನೋಂದಣಿ ಶುಲ್ಕ ಸಂಶೋಧನಾರ್ಥಿಗಳಿಗೆ 500, ಅತಿಥಿ ಉಪನ್ಯಾಸಕರಿಗೆ 1,500. ಗಣ್ಯರಿಗೆ ಉಚಿತ.