122 ಮುಗಿದ ಮೇಲಿನ ಎಡ್ವಿನ್ ಮೋಸೆಸ್

ಅಮೆರಿಕದ ಓಟಗಾರ ಎಡ್ವಿನ್ ಮೋಸೆಸ್ ಹೆಸರು ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ, 122. ಅಡ್ಡ ಇಟ್ಟ ತಡೆಗಳನ್ನು ಹಾರುತ್ತಾ ಓಡುವ 400 ಮೀಟರ್ ಹರ್ಡಲ್ಸ್‌ನಲ್ಲಿ ಅವನು ಸಾಲಾಗಿ ಗೆದ್ದ ರೇಸ್‌ಗಳು ಅಷ್ಟು. 1977ರಿಂದ 1987ರವರೆಗೆ, 9 ವರ್ಷ 9 ತಿಂಗಳು 9 ದಿನ ಅವನನ್ನು ಯಾರೂ ಸೋಲಿಸಲಿಲ್ಲ. ದೊಡ್ಡ ಸಾಧನೆಯೇ, ಅನುಮಾನ ಬೇಡ. ಆದರೆ ನನಗೆ ಅವನು ಇನ್ನೂ ದೊಡ್ಡವನಾಗಿ ಕಾಣೋದು ಆ ಸಾಲು ಮುರಿದ ಮೇಲೆ.

ಅವನು ಬಂದ ದಾರಿ ನೋಡಿ. ಒಹಾಯೊದ ಡೇಟನ್ ಊರಿನ ಹುಡುಗ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಸೇರಿದ್ದು ಓದಿಗೆ ಸಿಕ್ಕ ಸ್ಕಾಲರ್‌ಶಿಪ್ ಮೇಲೆ. ಓದಿದ್ದು ಭೌತಶಾಸ್ತ್ರ. ಕಾಲೇಜಿಗೆ ಸ್ವಂತ ಟ್ರ್ಯಾಕೇ ಇರಲಿಲ್ಲ. ಊರಿನ ಹೈಸ್ಕೂಲುಗಳ ಮೈದಾನಕ್ಕೆ ಹೋಗಿ ಓಡುತ್ತಿದ್ದ. 1976 ಶುರುವಾದಾಗ ಈ ಓಟದಲ್ಲಿ ಅವನಿಗೆ ಅನುಭವ ಇಲ್ಲವೇ ಇಲ್ಲ ಎನ್ನಬಹುದು. ಅದೇ ಬೇಸಿಗೆಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ಚಿನ್ನ, ಜೊತೆಗೆ ವಿಶ್ವದಾಖಲೆ. ಎರಡನೆಯವನು ಒಂದು ಸೆಕೆಂಡಿಗಿಂತಲೂ ಜಾಸ್ತಿ ಹಿಂದಿದ್ದ.

ಅವನ ಗುಟ್ಟು ಹೆಜ್ಜೆಯ ಲೆಕ್ಕದಲ್ಲಿತ್ತು. ಈ ಓಟದಲ್ಲಿ 10 ಹರ್ಡಲ್, ಒಂದರಿಂದ ಇನ್ನೊಂದಕ್ಕೆ 35 ಮೀಟರ್. ಆಗಿನ ಓಟಗಾರರು ನಡುವೆ 14 ಅಥವಾ 15 ಹೆಜ್ಜೆ ಹಾಕುತ್ತಿದ್ದರು. ಕೆಲವರು 13ರಲ್ಲಿ ಶುರು ಮಾಡಿದರೂ ಸುಸ್ತಾದಂತೆ ಹೆಜ್ಜೆ ಚಿಕ್ಕದಾಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ಮೋಸೆಸ್ ಕೊನೆಯ ಹರ್ಡಲ್‌ವರೆಗೂ 13. ಕಾಲು ಸೀಸದಂತೆ ಭಾರವಾಗುವ ಕೊನೆಯ ನೂರು ಮೀಟರಿನಲ್ಲೂ 13. ಉದ್ದ ಕಾಲಿದ್ದರೆ ಸಾಕು ಅಂತ ಸುಮ್ನೆ ಹೇಳಿಬಿಡಬಹುದು. ಉದ್ದ ಕಾಲಿನವರು ಬೇರೆಯವರೂ ಇದ್ದರು. ದಣಿದ ಮೇಲೂ ಅದೇ ಅಳತೆಯ ಹೆಜ್ಜೆ ಹಾಕುವುದನ್ನು ಅವನು ದುಡಿದು ಕಲಿತ.

1980ರ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಜುಲೈನಲ್ಲಿ ಮಿಲಾನ್‌ನಲ್ಲಿ 47.13 ಸೆಕೆಂಡಿನಲ್ಲಿ ಓಡಿ ತನ್ನದೇ ದಾಖಲೆ ಮುರಿದ. ಅದೇ ತಿಂಗಳು ಮಾಸ್ಕೋ ಒಲಿಂಪಿಕ್ಸ್. ಅಮೆರಿಕ ಬಹಿಷ್ಕಾರ ಹಾಕಿತು, ಇವನು ಮನೆಯಲ್ಲಿ ಕೂತ. ಅಲ್ಲಿ ಚಿನ್ನ ಬಂದಿದ್ದು 48.70ಕ್ಕೆ. ರಾಜಕೀಯದವರ ಜಗಳಕ್ಕೆ ಆಟಗಾರನ ನಾಲ್ಕು ವರ್ಷ ಬಲಿ ಕೊಡುವುದು ಅನ್ಯಾಯ, ಯಾವ ದೇಶ ಮಾಡಿದರೂ ಅನ್ಯಾಯ. 1983ರಲ್ಲಿ ತನ್ನ 28ನೇ ಹುಟ್ಟುಹಬ್ಬದ ದಿನ ಕೊಬ್ಲೆಂಜ್‌ನಲ್ಲಿ 47.02 ಓಡಿದ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಡನೇ ಚಿನ್ನ ಬಂತು.

ಇನ್ನು ನಾನು ಹೇಳಬೇಕಾಗಿದ್ದು. 1987ರ ಜೂನ್ 4, ಮ್ಯಾಡ್ರಿಡ್. ತನಗಿಂತ ಹತ್ತು ವರ್ಷ ಚಿಕ್ಕವನಾದ ಡ್ಯಾನಿ ಹ್ಯಾರಿಸ್ ಎದುರು ಮೋಸೆಸ್ ಸೋತ. ಎರಡು ಒಲಿಂಪಿಕ್ ಚಿನ್ನ ಇದೆ, ವಿಶ್ವದಾಖಲೆ ಇದೆ. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಅಲ್ವಾ? ಅವನು ನಿಲ್ಲಿಸಲಿಲ್ಲ. ಮೂರು ತಿಂಗಳ ನಂತರ ರೋಮ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಅವನಿಗೆ 32 ವರ್ಷ. ಅದೇ ಹ್ಯಾರಿಸ್ ಇದ್ದ. 1977ರಲ್ಲಿ, ಆ ಸಾಲು ಶುರುವಾಗುವ ಮೊದಲು, ಇವನನ್ನು ಸೋಲಿಸಿದ್ದ ಜರ್ಮನಿಯ ಹೆರಾಲ್ಡ್ ಶ್ಮಿಡ್ ಕೂಡ ಇದ್ದ. ಕೊನೆಗೆ ಮೋಸೆಸ್ 47.46, ಉಳಿದಿಬ್ಬರೂ 47.48. ಸೆಕೆಂಡಿನ ನೂರರಲ್ಲಿ ಎರಡು ಭಾಗದ ಅಂತರ. ಲಾಸ್ ಏಂಜಲೀಸ್‌ನಲ್ಲಿ ಇದೇ ಓಟದಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ನೂರರಲ್ಲಿ ಒಂದು ಭಾಗಕ್ಕೆ. ಹಾಗಾಗಿ ಈ ಅಂತರ ಎಂಥದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮರುವರ್ಷ ದಕ್ಷಿಣ ಕೊರಿಯಾದ ಸೋಲ್ ಒಲಿಂಪಿಕ್ಸ್. ಆಂಡ್ರೆ ಫಿಲಿಪ್ಸ್‌ಗೆ ಚಿನ್ನ, ಸೆನೆಗಲ್‌ನ ಅಮಡು ಡಿಯಾ ಬಾಗೆ ಬೆಳ್ಳಿ, ಮೋಸೆಸ್‌ಗೆ ಕಂಚು. ಚಾಂಪಿಯನ್ ಮುಗಿದ ಅಂದರು. ಆದರೆ ಸಮಯ ನೋಡಿ. ನಾಲ್ಕು ವರ್ಷದ ಹಿಂದೆ ಚಿನ್ನ ಗೆದ್ದಾಗ ಓಡಿದ್ದು 47.75, ಸೋಲ್‌ನಲ್ಲಿ ಮೂರನೆಯವನಾಗಿ ಓಡಿದ್ದು 47.56. 33ನೇ ವಯಸ್ಸಿನಲ್ಲಿ ಅವನು ಹಿಂದಿನ ಒಲಿಂಪಿಕ್ಸ್‌ಗಿಂತ ವೇಗವಾಗಿಯೇ ಓಡಿದ್ದ. ಆ ಕಂಚನ್ನು ಸೋಲಿನ ಪಟ್ಟಿಗೆ ಸೇರಿಸುವವರ ಮಾತು ನಾನು ಒಪ್ಪಲ್ಲ.

ರೋಮ್ ಫೈನಲ್ ಯೂಟ್ಯೂಬಿನಲ್ಲಿ ಸಿಗುತ್ತದೆ. ಒಂದು ನಿಮಿಷದ ಕೆಲಸ, ದಯವಿಟ್ಟು ನೋಡಿ. ಎಂಟನೇ ಹರ್ಡಲ್ ಆದಮೇಲೆ ಅವನ ಹೆಜ್ಜೆ ಎಣಿಸಿ.