ನಾಯಿಯ ಪಾರ್ಟಿ ನಾಯಿಗಾಗಿ ಇರಲಿ

ಮುಂದಿನ ತಿಂಗಳು ನಮ್ಮ ಚುಕ್ಕಿಯ ಪಾರ್ಟಿ. ಅವಳು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಮೋರಿ ಪಕ್ಕ ಸಿಕ್ಕ ಮರಿ ಅವಳು. ಹಾಗಾಗಿ ಮನೆಗೆ ಬಂದ ದಿನವನ್ನೇ ಹಬ್ಬ ಮಾಡುತ್ತೇವೆ. ಅವಳ ಗೆಳೆಯರೂ ಬರುತ್ತಾರೆ. ಈ ವಿಷಯ ಕಿವಿಗೆ ಬಿದ್ದ ಕೂಡಲೇ ನೆಂಟರಲ್ಲಿ ಕೆಲವರು "ನಾಯಿಗೂ ಪಾರ್ಟಿನಾ? ಇದೆಲ್ಲ ಫಾರಿನ್ ಶೋಕಿ" ಅಂದರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶೋಕಿ ಅನ್ನುವವರು ಒಮ್ಮೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 950ರ ಆಸುಪಾಸಿನದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರ ಅನ್ನುವ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳಿಕೋ ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಊಟ ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ ಅಂತಲೂ ಕೆತ್ತಿಸಿದರು. ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ನಾಯಿಗೆ ಇಷ್ಟು ಮರ್ಯಾದೆ ಇತ್ತು. ನಾವು ಒಂದು ಬೆಳಗ್ಗೆ ಸೇರಿ ಆಡಿಸಿದರೆ ಜಾಸ್ತಿ ಆಯ್ತಾ?

ನನ್ನ ತಕರಾರು ಬೇರೆ. ಈಗ ನಡೆಯುವ ಎಷ್ಟೋ ನಾಯಿ ಪಾರ್ಟಿಗಳಲ್ಲಿ ನಾಯಿಯೇ ಖುಷಿಯಾಗಿ ಇರುವುದಿಲ್ಲ. ಅಂಥ ಒಂದು ಪಾರ್ಟಿಯಲ್ಲಿ ಒಂದು ಪಗ್ ನೋಡಿದೆ. ಮೈಗೆ ಜರಿಯ ಶೇರ್ವಾನಿ, ತಲೆಗೆ ಕಾಗದದ ಟೋಪಿ, ಪಕ್ಕದಲ್ಲೇ ಸ್ಪೀಕರ್. ಅದು ಮೇಜಿನ ಕೆಳಗೆ ಸೇರಿಕೊಂಡಿತ್ತು. ಮುಂದೆ ತಿಂಡಿ ಇರಲಿಲ್ಲ, ಆದರೂ ಮತ್ತೆ ಮತ್ತೆ ಮೂತಿ ನೆಕ್ಕಿಕೊಳ್ಳುತ್ತಿತ್ತು. ಆಕಳಿಸುತ್ತಿತ್ತು. ಮುಖ ಆ ಕಡೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತಿತ್ತು. "ಪಾಪ, ನಿದ್ದೆ ಬಂದಿದೆ" ಅಂತ ಎಲ್ಲರೂ ಫೋಟೋ ತೆಗೆದರು. ಅದು ನಿದ್ದೆ ಅಲ್ಲ, ಹೆದರಿಕೆ. ನಾಯಿ ಸಾಕುವವರು ಬೇರೆ ಏನು ಕಲಿಯದಿದ್ದರೂ ಇಷ್ಟನ್ನು ಓದಲು ಕಲಿಯಲೇಬೇಕು. ನಮಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಅಂಥ ಕಿವಿಯ ಪಕ್ಕ ಬಲೂನು ಒಡೆಯುವುದು ಯಾವ ಸಂಭ್ರಮ?

ಹಾಗಾಗಿ ಚುಕ್ಕಿಯ ಪಾರ್ಟಿಗೆ ಬಲೂನಿಲ್ಲ, ಬಟ್ಟೆಯಿಲ್ಲ, ಹಾಡಿಲ್ಲ. ಕರೆಯುವುದೂ ಅವಳಿಗೆ ಮೊದಲೇ ಪರಿಚಯ ಇರುವವರನ್ನು ಮಾತ್ರ: ಪಕ್ಕದ ರಸ್ತೆಯ ಲ್ಯಾಬ್ರಡಾರ್ ಬ್ರೂನೋ, ಮೇಲಿನ ಮನೆಯ ಬೀಗಲ್, ಮತ್ತೆ ಸ್ನೇಹಿತರ ಮನೆಯ ಮುಧೋಳ ನಾಯಿ ಗರುಡ. ನಮ್ಮ ಜೊತೆ ಕೆಲಸ ಮಾಡುವವರು, ನಾವು ಯಾರ ಮನೆಗೆ ಹೋಗಿದ್ದೆವೋ ಅವರು, ಹೀಗೆ ಲೆಕ್ಕ ಹಾಕಿ ಅವರ ನಾಯಿಗಳನ್ನೆಲ್ಲ ಕರೆದರೆ ಅದು ನಮ್ಮ ಪಾರ್ಟಿ ಆಗುತ್ತದೆ. ಲಸಿಕೆ ಪೂರ್ತಿ ಆಗಿರದ ಮರಿ ಇದ್ದರೆ ಈ ಸಲ ಬೇಡ ಅಂತ ನೇರವಾಗಿ ಹೇಳುತ್ತೇನೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಎರಡೇ ದಿನದಲ್ಲಿ ನೆಲಕ್ಕೆ ಹಾಕುತ್ತದೆ. ಬೆದೆಗೆ ಬಂದ ಹೆಣ್ಣುನಾಯಿಯೂ ಬೇಡ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಜಾಗ, ಊರಾಚೆ ಗೆಳತಿಯ ಮನೆ ಹಿಂದಿನ ಅಂಗಳ. ನೆರಳಿದೆ, ಗೇಟು ಭದ್ರ. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆ ಅಂತಲೇ ಬೇಲಿ ಹಾಕಿದ ಜಾಗ ಇದೆ, ಚೆನ್ನಾಗಿದೆ. ಆದರೆ ಭಾನುವಾರ ಅಲ್ಲಿ ಸೇರುವ ಗುಂಪು ನೋಡಿದರೆ ಚುಕ್ಕಿ ನನ್ನ ಕಾಲ ಸಂದಿಗೆ ಬರುತ್ತಾಳೆ. ಸಮಯ ಬೆಳಗ್ಗೆ ಏಳು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ಹತ್ತು ಗಂಟೆಯ ಬಿಸಿಲಿನಲ್ಲಿ ಆಡಿಸುವುದು ಅಂದರೆ ಆಸ್ಪತ್ರೆ ದಾರಿ ಹಿಡಿದ ಹಾಗೆ.

ಬಂದ ಕೂಡಲೇ ಎಲ್ಲರನ್ನೂ ಒಳಗೆ ಬಿಡುವುದಿಲ್ಲ. ಮೊದಲು ಗೇಟಿನ ಹೊರಗೆ, ಬೆಲ್ಟ್ ಹಾಕಿಕೊಂಡೇ, ಸ್ವಲ್ಪ ದೂರ ಇಟ್ಟುಕೊಂಡು ಒಟ್ಟಿಗೆ ಒಂದು ಸುತ್ತು ನಡೆಸುತ್ತೇವೆ. ದಾರಿಯಲ್ಲಿ ಮೂಸಿಕೊಳ್ಳುತ್ತವೆ, ಒಂದು ಉಚ್ಚೆ ಹೊಯ್ದ ಕಂಬಕ್ಕೆ ಇನ್ನೊಂದು ಹೋಗಿ ನಿಲ್ಲುತ್ತದೆ. ಅವುಗಳ ಕುಶಲೋಪರಿ ಮುಗಿಯುವುದೇ ಹೀಗೆ. ಆಮೇಲೆ ಒಳಗೆ ಬಂದರೆ ಯಾವ ಗಲಾಟೆಯೂ ಇರುವುದಿಲ್ಲ. ಚುಕ್ಕಿ ಬ್ರೂನೋನ ಮುಂದೆ ಹೋಗಿ ಮುಂಗಾಲು ಎರಡೂ ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಒಂದು ಕ್ಷಣ ಹಾಗೇ ನಿಲ್ಲುತ್ತಾಳೆ. "ಬಾ, ಆಡೋಣ" ಅನ್ನುವುದು ಅದು. ಬ್ರೂನೋ ಅವಳ ಎರಡರಷ್ಟು ಇದ್ದಾನೆ, ಆದರೂ ತಾನೇ ಅಂಗಾತ ಬಿದ್ದು ಅವಳಿಗೆ ಗೆಲ್ಲಲು ಬಿಡುತ್ತಾನೆ. ಇದನ್ನು ನೋಡುವುದಕ್ಕೇ ನಾನು ಪಾರ್ಟಿ ಮಾಡುವುದು.

ಊಟದ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಚಾಕೊಲೇಟ್ ಕೊಡಬಾರದು ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಕೇಸರಿಬಾತಿನ ಒಣದ್ರಾಕ್ಷಿ? ಪ್ರೀತಿಯಿಂದ ಒಂದು ಚಮಚ ಹಾಕುವ ಕೈಗಳು ನಮ್ಮಲ್ಲಿ ಬಹಳ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಅಂತ ಪಶುವೈದ್ಯರು ಈಚೆಗೆ ಅಂದಾಜು ಮಾಡಿದ್ದಾರೆ. ನಮ್ಮ ಹುಣಸೆಹಣ್ಣಿನಲ್ಲೂ ಅದು ಧಾರಾಳವಾಗಿದೆ. ಹಾಗಾಗಿ ಸಾರು ಅನ್ನ ಕಲಸಿ ಹಾಕುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಅಂದಮೇಲೆ ಉಳಿದ ಬಿರಿಯಾನಿಯನ್ನೂ ಮರೆತುಬಿಡಿ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಇನ್ನೊಂದು, ಅತಿಥಿಗಳ ಬ್ಯಾಗಿನಲ್ಲಿರುವ ಸಕ್ಕರೆಯಿಲ್ಲದ ಚೂಯಿಂಗ್ ಗಮ್. ಅದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಒಂದು ಗಂಟೆಯೊಳಗೇ ಧಡಾರನೆ ಇಳಿಯಬಹುದು. ಬ್ಯಾಗುಗಳೆಲ್ಲ ರೂಮಿನೊಳಗೆ, ಬಾಗಿಲು ಹಾಕಿ.

ಅವುಗಳಿಗೆ ಮಾಡುವುದು ಸುಲಭ. ಉಪ್ಪು ಮಸಾಲೆ ಏನೂ ಇಲ್ಲದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಬೆಂದ ಸಿಹಿಕುಂಬಳ. ಕೇಕಿಗೆ ರಾಗಿಹಿಟ್ಟು, ಮೊಟ್ಟೆ, ಕಿವುಚಿದ ಬಾಳೆಹಣ್ಣು ಕಲಸಿ ಇಡ್ಲಿ ತಟ್ಟೆಯಲ್ಲಿ ಬೇಯಿಸುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಇಡ್ಲಿ, ಜಗಳವಿಲ್ಲ. ಆದರೂ ತಟ್ಟೆಗಳನ್ನು ದೂರ ದೂರ ಇಡಬೇಕು, ಒಂದರ ತಟ್ಟೆಗೆ ಇನ್ನೊಂದು ಬಾಯಿ ಹಾಕದ ಹಾಗೆ ಅವರವರ ಮನೆಯವರೇ ಪಕ್ಕ ನಿಲ್ಲಬೇಕು. ಎಷ್ಟೇ ಗೆಳೆತನ ಇದ್ದರೂ ಊಟದ ಮುಂದೆ ನಾಯಿಯ ಲೆಕ್ಕ ಬೇರೆ. ಚುಕ್ಕಿಯ ಹಳೇ ಚೆಂಡನ್ನೂ ಅವತ್ತು ಬಚ್ಚಿಡುತ್ತೇನೆ. ನೀರಿನ ಬೋಗುಣಿ ಮಾತ್ರ ಮೂಲೆಗೊಂದು.

ಆಟ ಒಂದೇ ಸಾಕು. ರಟ್ಟಿನ ಡಬ್ಬಗಳಲ್ಲಿ ಹಳೇ ಬೆಡ್‌ಶೀಟಿನ ತುಂಡು ತುರುಕಿ, ನಡುವೆ ಕೋಳಿ ಚೂರು ಅಡಗಿಸಿ, ಒಬ್ಬೊಬ್ಬರಿಗೆ ಬೇರೆ ಬೇರೆ ಮೂಲೆಯಲ್ಲಿ ಕೊಡುವುದು. ಬೀಗಲ್ ಅಂತೂ ಡಬ್ಬದೊಳಗೇ ಕೂತುಬಿಡುತ್ತದೆ. ಗರುಡನಿಗೆ ಇದರಲ್ಲಿ ಆಸಕ್ತಿ ಕಡಿಮೆ, ಓಟವೇ ಅವನ ಪ್ರಾಣ. ಬೇಟೆಗೆ ಅಂತ ಬೆಳೆದ ತಳಿ ಅಲ್ವಾ, ಅಂಗಳ ನಾಲ್ಕು ಸುತ್ತು ಹೊಡೆದು ಬಂದು ಮಲಗುತ್ತಾನೆ. ಒಂದೂವರೆ ಗಂಟೆಗೆ ಎಲ್ಲ ಮುಗಿಸಿ ಮನೆಗೆ. ಅದಕ್ಕಿಂತ ಎಳೆದರೆ ಸುಸ್ತಾಗಿ ರೇಗಲು ಶುರು ಮಾಡುತ್ತವೆ. ಮಕ್ಕಳ ಬರ್ತ್‌ಡೇಯಲ್ಲೂ ಇದನ್ನೇ ನೋಡುತ್ತೇವೆ.

ನೇಪಾಳದಲ್ಲಿ ತಿಹಾರ್ ಹಬ್ಬದ ಎರಡನೇ ದಿನ ನಾಯಿಗಳದ್ದು, ಕುಕುರ್ ತಿಹಾರ್. ಮನೆನಾಯಿಯ ಜೊತೆ ಬೀದಿನಾಯಿಗೂ ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಹಾರ, ಹೊಟ್ಟೆ ತುಂಬ ಊಟ. ನಮ್ಮ ದೀಪಾವಳಿಯ ಸಮಯಕ್ಕೇ ಬರುವ ಹಬ್ಬ ಅದು, ಇಲ್ಲಿ ಪಟಾಕಿಗೆ ಹೆದರಿ ನಾಯಿಗಳು ಕಾರಿನ ಕೆಳಗೆ ನಡುಗುತ್ತಿರುವ ಹೊತ್ತು. ನೇಪಾಳದವರ ಪದ್ಧತಿ ನನಗೆ ತುಂಬಾ ಹಿಡಿಸಿತು. ಚುಕ್ಕಿಯೂ ಬೀದಿಯವಳೇ. ಅವಳ ಅಣ್ಣತಮ್ಮಂದಿರು ಈಗಲೂ ನಮ್ಮ ರಸ್ತೆಯ ಕೊನೆಯಲ್ಲಿ ಇದ್ದಾರೋ ಏನೋ.

ಅದಕ್ಕೇ ಈ ಸಲ ಬರುವವರಿಗೆ ಹೇಳಿದ್ದೇನೆ, ಉಡುಗೊರೆ ಏನೂ ಬೇಡ. ಗೊಂಬೆ, ಕಾಲರ್ ಅಂತ ಹಾಕುವ ದುಡ್ಡು ಸೇರಿಸೋಣ. ನಮ್ಮ ರಸ್ತೆಯ ಹೆಣ್ಣುನಾಯಿಗಳಲ್ಲಿ ಎರಡರ ಕಿವಿ ಇನ್ನೂ ಪೂರ್ತಿ ಇದೆ, ಅಂದರೆ ಸಂತಾನಹರಣದ ಆಪರೇಷನ್ ಆದ ಗುರುತು ಇಲ್ಲ. ಪಾರ್ಟಿ ಮುಗಿದ ವಾರದಲ್ಲೇ ಅವೆರಡಕ್ಕೂ ಆಪರೇಷನ್, ರೇಬೀಸ್ ಚುಚ್ಚುಮದ್ದು ಎರಡನ್ನೂ ಮಾಡಿಸಬೇಕು. ಆಟೋದವರನ್ನು ಕೇಳಿಯಾಗಿದೆ, ಬರುತ್ತೇನೆ ಅಂದಿದ್ದಾರೆ.